ಕಪ್ಪು ಮ್ಯಾಟು ಮತ್ತು ಹಾಜರಿ ಪುಸ್ತಕ

ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುವ ಬೆಂಗಳೂರಿನ ನಮ್ಮ ಪುಟ್ಟ ಡೇ ಕೇರ್ ಶುರುವಾದ ವಾರ, ರಿಟೈರ್ಡ್ ಮೇಷ್ಟ್ರೊಬ್ಬರು ಹೊಸ್ತಿಲು ದಾಟಲೇ ಇಲ್ಲ. ಸೊಸೆ ಕೈ ಹಿಡಿದು ಕರೆದರು, ನಾನು ಒಳಗಿನಿಂದ ಕರೆದೆ. ಊಹೂಂ. ಹಟ ಅಂದುಕೊಂಡೆವು. ಮೂರನೇ ದಿನ ನಮ್ಮ ಆಯಾ, "ಮೇಡಂ, ಅವರು ಕೆಳಗೇ ನೋಡ್ತಾರೆ ನೋಡಿ" ಅಂದರು. ಕೆಳಗಿದ್ದದ್ದು ನಾನೇ ಆಸೆಪಟ್ಟು ತಂದ ದಪ್ಪ ಕಪ್ಪು ಮ್ಯಾಟು. ಡಿಮೆನ್ಶಿಯಾ ಇರುವವರಿಗೆ ತಿಳಿ ಬಣ್ಣದ ನೆಲದ ಮೇಲಿನ ಕಪ್ಪು ಜಾಗ ಎಷ್ಟೋ ಸಲ ಗುಂಡಿಯ ಹಾಗೆ ಕಾಣುತ್ತದೆ. ಟ್ರೇನಿಂಗ್‌ನಲ್ಲಿ ಕಲಿತಿದ್ದೆ, ಅಂಗಡಿಯಲ್ಲಿ ಮರೆತಿದ್ದೆ! ಮ್ಯಾಟು ಎತ್ತಿದೆ. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದು, "ಹಾಜರಿ ಆಯ್ತಾ?" ಅಂತ ಕೇಳಿದರು.

ಅವತ್ತಿನಿಂದ ಹಾಜರಿ ಅವರ ಕೆಲಸ. ಹನ್ನೆರಡು ಹೆಸರು. ಕೆಲವು ದಿನ ಮೂರು ಸಲ ಕೂಗುತ್ತಾರೆ. ಮೂರು ಸಲವೂ ನಾವು "ಪ್ರೆಸೆಂಟ್ ಸಾರ್" ಅನ್ನುತ್ತೇವೆ.

ಮೊದಮೊದಲು ನಾನು ಚಿತ್ರದ ಕಾರ್ಡು, ಪಜಲ್ಲು ಎಲ್ಲ ತಂದಿಟ್ಟಿದ್ದೆ. "ಇದೇನು ಹೇಳಿ ಅಜ್ಜಿ?" ಪಾಪ, ಅವರಿಗೆ ಅದು ದಿನಾ ಪರೀಕ್ಷೆ, ದಿನಾ ಫೇಲು. "ನೆನಪಿದೆಯಾ?" ಅನ್ನುವ ಮಾತನ್ನೇ ಬಿಟ್ಟೆವು. ಡಿಸೆಂಬರ್‌ನಲ್ಲಿ ಸೊಗಡಿನ ಅವರೆಕಾಯಿ ಬಂತು. ಕಾಳು ನೆನೆಹಾಕಿ, ಮಾರನೇ ದಿನ ಪಾತ್ರೆಯನ್ನು ನಡುವೆ ಇಟ್ಟೆವು. ಮಗಳನ್ನೇ "ಯಾರಮ್ಮ ನೀನು?" ಅನ್ನುವ ಅಜ್ಜಿಯೊಬ್ಬರು ಸೆರಗು ಸಿಕ್ಕಿಸಿಕೊಂಡು ಕೂತರು. ಹೆಬ್ಬೆರಳು, ತೋರುಬೆರಳು, ಸಣ್ಣದೊಂದು ಒತ್ತು. ಬೇಳೆ ಪುಳಕ್ ಅಂತ ಹೊರಗೆ, ಸಿಪ್ಪೆ ಕೈಯಲ್ಲೇ. ನನ್ನದು ಗೋಡೆಗೆ ಹಾರಿತು. "ಹಾಗಲ್ಲ ಕಣೇ, ತುದಿ ಹಿಡ್ಕೊ" ಅಂತ ನನ್ನ ಬೆರಳು ಹಿಡಿದು ತೋರಿಸಿದರು. ಹೆಸರು ಹೋದ ಮೇಲೂ ಕೈಗೆ ಬಂದ ಕೆಲಸ ತುಂಬಾ ದಿನ ಉಳಿಯುತ್ತದೆ. ಆದರೆ ಸಿಪ್ಪೆ, ಹಸಿ ಕಾಳು ಬಾಯಿಗೆ ಹಾಕಿಕೊಳ್ಳುವವರೂ ಇರುತ್ತಾರೆ. ಪಕ್ಕದಲ್ಲಿ ಒಬ್ಬರು ಕೂರಲೇಬೇಕು.

ನಿಜವಾದ ಕಷ್ಟ ಸಂಜೆ ನಾಲ್ಕರ ಸುಮಾರಿಗೆ. ಬಿಸಿಲು ಇಳಿಯುತ್ತಿದ್ದಂತೆ "ಮನೆಗೆ ಹೋಗ್ಬೇಕು" ಶುರು. ವಾದ ಮಾಡಿದರೆ ಕೆಟ್ಟಿರಿ. ನಾವು ಮೂರೂವರೆಗೇ ದೀಪ ಹಾಕಿ, ಕಾಫಿ ಕೊಟ್ಟು, "ಮನೇಲಿ ಯಾರ್‍ಯಾರಿದಾರೆ?" ಅಂತ ಮಾತಿಗೆ ಎಳೆಯುತ್ತೇವೆ.

ಮನೆಯವರು ಬರುವುದೇ ತಡವಾಗಿ. "ಅರವತ್ತಕ್ಕೆ ಅರಳು ಮರಳು" ಅಂದುಕೊಂಡು ಎರಡು ವರ್ಷ ಕಳೆದಿರುತ್ತಾರೆ. ಬಂದ ಮೇಲೂ ಅಪ್ಪ ಹೊಡೆಯುತ್ತಾರೆ, ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾರೆ ಅನ್ನೋದನ್ನು ಮುಚ್ಚಿಡುತ್ತಾರೆ. ಅದಕ್ಕೇ ಒಂದು ನೋಟ್‌ಬುಕ್ಕು ಇಟ್ಟಿದ್ದೇವೆ, ಮನೆಗೂ ಇಲ್ಲಿಗೂ ದಿನಾ ಓಡಾಡುತ್ತದೆ. ನಿದ್ದೆ, ಊಟ, ಮೋಷನ್ನು, ಸಿಟ್ಟು ಬಂದ ಹೊತ್ತು. ಒಮ್ಮೆ ಶಾಂತವಾಗಿದ್ದ ತಾತ ಎರಡೇ ದಿನದಲ್ಲಿ ಪೂರ್ತಿ ಬೇರೆಯಾದರು, ಇಲ್ಲದವರ ಜೊತೆ ಮಾತಾಡತೊಡಗಿದರು. ಕಾಯಿಲೆ ಜಾಸ್ತಿಯಾಯ್ತು ಅಂತ ಮಗ ಅಳುತ್ತಿದ್ದರು. ನೋಟ್‌ಬುಕ್ಕಿನಲ್ಲಿ ರಾತ್ರಿ ಆರು ಸಲ ಬಾತ್‌ರೂಮಿಗೆ ಎದ್ದದ್ದು ಬರೆದಿತ್ತು. ಡಾಕ್ಟರ ಹತ್ತಿರ ಕಳಿಸಿದೆವು. ಯೂರಿನ್ ಇನ್ಫೆಕ್ಷನ್. ಔಷಧಿ ಕೊಟ್ಟ ಮೇಲೆ ಹೆಚ್ಚುಕಮ್ಮಿ ಮೊದಲಿನ ಹಾಗಾದರು. ಡಿಮೆನ್ಶಿಯಾ ಸಾಮಾನ್ಯವಾಗಿ ನಿಧಾನಕ್ಕೆ ಏರುತ್ತದೆ. ಹೀಗೆ ದಿಢೀರ್ ಅಂತ ಬದಲಾದರೆ ಬೇರೇನೋ ಇದೆ ಅಂತಲೇ ನೋಡಬೇಕು.

ಮೇಷ್ಟ್ರ ಸೊಸೆ ಮೊದಲ ತಿಂಗಳು ಮನೆಗೇ ಹೋಗುತ್ತಿರಲಿಲ್ಲ. ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಸುಮ್ನೆ ಕೂತಿರುತ್ತಿದ್ದರು. "ಮಾವನ್ನ ಬಿಟ್ಟು ಬಂದಿದಾಳೆ ಅಂತಾರೆ ಮೇಡಂ." ಬೈದೇ ಕಳಿಸಬೇಕಾಯ್ತು. ಈಗ ಕರೆದುಕೊಂಡು ಹೋಗಲು ಬರುವಾಗ ಕೆನ್ನೆ ಮೇಲೆ ದಿಂಬಿನ ಗೆರೆ ಇರುತ್ತದೆ. ಮೇಷ್ಟ್ರು ಪುಸ್ತಕ ತೆಗೆದು, "ಯಾಕಮ್ಮ ಲೇಟು?" ಅಂತಾರೆ.

"ಬಸ್ಸು ಸಿಗ್ಲಿಲ್ಲ ಸಾರ್" ಅಂತಾರೆ ಅವರು.