ಅಮೆಜಾನಲ್ಲಿ ಮುಂದಿನ ವರ್ಷ ಯಾವ ಕಾಡು ಹೋಗುತ್ತೆ? ಬೆಂಗಳೂರಲ್ಲಿ ಕೂತು ಹಾಕಿದ ಲೆಕ್ಕ

ಬ್ರೆಜಿಲ್‌ಗೆ ನಾನು ಹೋಗಿಲ್ಲ, ಹೋಗೋ ಯೋಚನೆನೂ ಇಲ್ಲ. ಆದ್ರೆ ರೊಂಡೋನಿಯಾ ರಾಜ್ಯದ ಬಿಆರ್-364 ಹೈವೇಯಿಂದ ಯಾವ ರೋಡ್ ಎಲ್ಲಿ ಕವಲೊಡೆಯುತ್ತೆ ಅನ್ನೋದು ರಾಜಾಜಿನಗರದ ಕ್ರಾಸ್‌ಗಳಿಗಿಂತ ಚೆನ್ನಾಗಿ ಗೊತ್ತಾಗ್ಬಿಟ್ಟಿದೆ. ಹೊಟ್ಟೆಪಾಡಿಗೆ ಡೇಟಾ ಸೈನ್ಸ್ ಕೆಲಸ, ಇದು ಆಫೀಸ್ ಮುಗಿಸಿ ರಾತ್ರಿ ಹೊತ್ತು ಮಾಡಿದ್ದು. ಸ್ಯಾಟಲೈಟ್ ಇಮೇಜ್ ಇಟ್ಕೊಂಡು ಕಾಡು ಕಡಿದಿದ್ದನ್ನ ಹಿಡಿಯೋದು, ಮುಂದೆ ಎಲ್ಲಿ ಕಡೀಬಹುದು ಅಂತ ಹೇಳೋದು, ಎರಡನ್ನೂ ಹೇಗೆ ಮಾಡ್ದೆ ಅಂತ ಒಂದಿಬ್ರು ಕೇಳ್ತಾನೇ ಇದ್ರು, ಅದಕ್ಕೆ ಬರೀತಾ ಇದೀನಿ.

ರೊಂಡೋನಿಯಾನೇ ಯಾಕೆ ಅಂದ್ರೆ ಅಲ್ಲಿ ಲೇಬಲ್ (ಎಲ್ಲಿ ನಿಜವಾಗ್ಲೂ ಕಡಿದ್ರು ಅನ್ನೋ ಸರಿ ಉತ್ತರ) ಗಟ್ಟಿ. ಬ್ರೆಜಿಲ್‌ನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇನ್‌ಪೆ 1988ರಿಂದ ಪ್ರೋಡೆಸ್ ಅಂತ ಒಂದು ಪ್ರಾಜೆಕ್ಟ್ ನಡೆಸ್ಕೊಂಡು ಬಂದಿದೆ, ಪ್ರತಿ ವರ್ಷ ಅಮೆಜಾನಲ್ಲಿ ಎಷ್ಟು ಕಾಡು ಹೋಯ್ತು ಅಂತ ಲೆಕ್ಕ, ಅದೂ ತಜ್ಞರು ಇಮೇಜ್ ನೋಡಿ ನೋಡಿ ಗೆರೆ ಎಳೆದಿದ್ದು. ಆ ಮ್ಯಾಪ್ ಯಾರು ಬೇಕಾದ್ರೂ ಪುಕ್ಕಟೆ ಇಳಿಸ್ಕೋಬಹುದು. ಅವರ ವರ್ಷ ಆಗಸ್ಟಿಂದ ಜುಲೈ, ಇದನ್ನ ಮರೆತು ಜನವರಿ-ಡಿಸೆಂಬರ್ ಇಮೇಜ್ ಜೊತೆ ಜೋಡಿಸಿದ್ರೆ ಎಲ್ಲಾ ಅಡ್ಡಾದಿಡ್ಡಿ ಆಗುತ್ತೆ. 6.25 ಹೆಕ್ಟೇರ್‌ಗಿಂತ ಚಿಕ್ಕ ತುಂಡು ಆ ವಾರ್ಷಿಕ ಲೆಕ್ಕಕ್ಕೆ ಬರಲ್ಲ. ಒಂದ್ಸಲ ಕಡಿದಿದ್ದು ಅಂತ ಗುರುತು ಬಿದ್ರೆ ಆಮೇಲೆ ಅಲ್ಲಿ ಮರ ಬೆಳೆದ್ರೂ ಅದನ್ನ ಮತ್ತೆ ಕಾಡು ಅಂತ ಸೇರಿಸಲ್ಲ, ನನಗೆ ಇದೇ ಸರಿ ಅನ್ಸುತ್ತೆ.

ಇಮೇಜ್‌ಗೆ ಲ್ಯಾಂಡ್‌ಸ್ಯಾಟ್ ಮತ್ತು ಸೆಂಟಿನೆಲ್-2 ಅನ್ನೋ ಉಪಗ್ರಹಗಳು. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ 30 ಮೀಟರ್, 2008ರಲ್ಲಿ ಹಳೇ ಇಮೇಜೆಲ್ಲಾ ಫ್ರೀ ಮಾಡಿದ್ರಲ್ಲ, ನನ್ನಂಥೋರು ಈ ಕಡೆ ತಲೆ ಹಾಕೋಕೆ ಆಗಿದ್ದೇ ಅದ್ರಿಂದ. ಸೆಂಟಿನೆಲ್-2 10 ಮೀಟರ್, ಎರಡು ಉಪಗ್ರಹ ಸೇರಿ 5 ದಿನಕ್ಕೊಮ್ಮೆ ಬರುತ್ತೆ. ಗೂಗಲ್ ಅರ್ಥ್ ಎಂಜಿನ್‌ನಲ್ಲೇ, ಅಂದ್ರೆ ಗೂಗಲ್‌ನ ಕಂಪ್ಯೂಟರ್‌ಗಳಲ್ಲೇ, ಪ್ರೋಸೆಸ್ ಮಾಡಿದ್ದು, ಅಷ್ಟು ಡೇಟಾ ಮನೆ ವೈಫೈಯಲ್ಲಿ ಇಳಿಸೋಕೆ ಹೊರಟಿದ್ರೆ ಇನ್ನೂ ಇಳೀತಾನೇ ಇರ್ತಿತ್ತು.

ತಲೆನೋವು ಅಂದ್ರೆ ಮೋಡ. ದಟ್ಟ ಮೋಡ ಸುಲಭ, ತೆಗೆದು ಬಿಸಾಕಬಹುದು, ತೆಳ್ಳಗೆ ಹರಡಿರೋ ಮಬ್ಬು ಮತ್ತೆ ಮೋಡದ ನೆರಳು ಇದಾವಲ್ಲ, ಆ ನೆರಳು ಸುಟ್ಟ ನೆಲದ ಥರಾನೇ ಕಾಣುತ್ತೆ. ಅದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳ ಇಮೇಜ್‌ಗಳನ್ನ ಒಟ್ಟು ಹಾಕಿ ಪ್ರತಿ ಪಿಕ್ಸೆಲ್‌ಗೆ ಮೀಡಿಯನ್, ಅಂದ್ರೆ ಸಾಲಾಗಿ ಜೋಡಿಸಿದ್ರೆ ನಡುವೆ ಬರೋ ಬೆಲೆ, ತಗೊಂಡೆ.

ಒಂದೇ ಒಂದು ಪಿಕ್ಸೆಲ್ ಹಿಡ್ಕೊಂಡು ಅದರ ಎನ್‌ಡಿವಿಐ (ಎಷ್ಟು ಹಸಿರಿದೆ ಅನ್ನೋ ಅಂಕಿ) ವರ್ಷಗಳ ಗ್ರಾಫ್ ನೋಡಿ, ಯಾವ ಟ್ಯುಟೋರಿಯಲ್‌ಗಿಂತ ಜಾಸ್ತಿ ಕಲೀತೀರ. ಕಾಡು ಇರೋತನಕ ಗೆರೆ ಹೆಚ್ಚುಕಮ್ಮಿ ಸಮ. ಮಳೆ ನಿಂತ ಮೇಲೆ ಮರ ಉರುಳಿಸ್ತಾರೆ, ಒಣಗೋಕೆ ಬಿಡ್ತಾರೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಬೆಂಕಿ, ಆಗ ಗೆರೆ ಧಡ್ ಅಂತ ಕೆಳಗೆ. ಮಳೆ ಬಂದಿದ್ದೇ ದನಕ್ಕೆ ಹುಲ್ಲು ಬಿತ್ತಾರೆ, ನಾಲ್ಕೈದು ತಿಂಗಳಲ್ಲಿ ಎನ್‌ಡಿವಿಐ ಮತ್ತೆ ಮೇಲೇರಿ ಏನೂ ಆಗೇ ಇಲ್ಲ ಅನ್ನೋ ಥರ ಕೂತಿರುತ್ತೆ, ಎನ್‌ಡಿವಿಐಗೆ ಹಸಿರು ಅಂದ್ರೆ ಹಸಿರು ಅಷ್ಟೇ, ಹುಲ್ಲೋ ಮರಾನೋ ಅದಕ್ಕೆ ಬೇಕಾಗಿಲ್ಲ. ಕಣ್ಣಿಗೆ ಕಾಣದ ಶಾರ್ಟ್‌ವೇವ್ ಇನ್‌ಫ್ರಾರೆಡ್ ಬೆಳಕು ಬಳಸೋ ಎನ್‌ಬಿಆರ್ ಅನ್ನೋ ಇನ್ನೊಂದು ಅಂಕಿ ಅಷ್ಟು ಬೇಗ ಮೋಸ ಹೋಗಲ್ಲ, ಹುಲ್ಲು ಬಂದ್ರೂ ಹಳೇ ಮಟ್ಟಕ್ಕೆ ಏರಲ್ಲ. ನಾನು ಎನ್‌ಬಿಆರ್ ಮೇಲೇ ನಿಂತೆ.

ಮಳೆಗಾಲದಲ್ಲಿ ಕಡಿದ್ರೆ ಸೆಂಟಿನೆಲ್-1 ರೇಡಾರ್ ಬೇಕು. ಅದರ ತರಂಗ 5.6 ಸೆಂಟಿಮೀಟರ್, ಮೋಡ ಲೆಕ್ಕಕ್ಕಿಲ್ಲ. ಆದ್ರೆ ಮರ ಉರುಳಿಸಿ ಅಲ್ಲೇ ಬಿಟ್ಟಿದ್ರೆ ಬಿದ್ದಿರೋ ದಿಮ್ಮಿ ಕೊಂಬೆನೇ ಸಿಗ್ನಲ್ ವಾಪಸ್ ಕಳಿಸುತ್ತೆ, ಕಾಡು ನೆಟ್ಟಗಿದೆ ಅನ್ನೋ ಥರ. ಸುಟ್ಟೋ ಸಾಗಿಸೋ ಜಾಗ ಖಾಲಿ ಆದ್ಮೇಲೆನೇ ಸರಿಯಾಗಿ ಗೊತ್ತಾಗೋದು.

ಇನ್ನು ಭವಿಷ್ಯ ಹೇಳೋ ಭಾಗ. ರೊಂಡೋನಿಯಾ ಮೇಲಿಂದ ನೋಡಿದ್ರೆ ಮೀನಿನ ಮುಳ್ಳು, ನಡುವೆ ಹೈವೇ, ಎರಡೂ ಕಡೆ ಸಮಾನಾಂತರ ಅಡ್ಡರಸ್ತೆ, ಅದರ ಅಂಚಲ್ಲಿ ಹುಲ್ಲುಗಾವಲು. ಅಮೆಜಾನಲ್ಲಿ ಸುಮಾರು 95% ಕಾಡು ನಾಶ ರಸ್ತೆಯಿಂದ 5.5 ಕಿಲೋಮೀಟರ್ ಅಥವಾ ದೋಣಿ ಓಡೋ ನದಿಯಿಂದ 1 ಕಿಲೋಮೀಟರ್ ಒಳಗೇ ಆಗಿದೆ ಅಂತ 2014ರ ಒಂದು ಸ್ಟಡಿ ಇದೆ. ಹಾಗಾಗಿ ಫೀಚರ್ (ಮಾಡೆಲ್‌ಗೆ ಕೊಡೋ ಸುಳಿವು) ಲಿಸ್ಟ್ ತಾನಾಗೇ ಬಂತು: ರಸ್ತೆ ಎಷ್ಟು ದೂರ, ಹೋದ ವರ್ಷ ಕಡಿದ ಜಾಗ ಎಷ್ಟು ದೂರ, ನದಿ, ಇಳಿಜಾರು, ಆದಿವಾಸಿಗಳ ಜಾಗನೋ ಮೀಸಲು ಕಾಡೋ. ಎಕ್ಸ್‌ಜಿಬೂಸ್ಟ್ (ಈ ಸುಳಿವುಗಳ ಟೇಬಲ್‌ನಿಂದ ಕಲಿಯೋ ಮಾಡೆಲ್) ಒಂದು ಮಾಡ್ದೆ, ಯು-ನೆಟ್ (ಇಮೇಜನ್ನೇ ನೋಡಿ ಕಲಿಯೋ ನ್ಯೂರಲ್ ನೆಟ್‌ವರ್ಕ್) ಒಂದು ಮಾಡ್ದೆ.

ಇಲ್ಲಿ ಅಕ್ಯುರಸಿ (ಒಟ್ಟಲ್ಲಿ ಎಷ್ಟು ಪಾಲು ಸರಿ ಹೇಳ್ತು) ನೋಡಿ ಖುಷಿ ಪಡೋಹಾಗಿಲ್ಲ. ಒಂದು ವರ್ಷದಲ್ಲಿ ನಿಜವಾಗ್ಲೂ ಕಡಿಯೋದು ಸಣ್ಣ ಪಾಲು, ಎಲ್ಲಾ ಕಡೆ "ಏನೂ ಆಗಲ್ಲ" ಅಂತ ಹೇಳೋ ಮಾಡೆಲ್‌ಗೂ ಭರ್ಜರಿ ಮಾರ್ಕ್ಸ್ ಬರುತ್ತೆ. ಪಿಕ್ಸೆಲ್‌ಗಳನ್ನ ರ‍್ಯಾಂಡಮ್ ಆಗಿ ಟ್ರೈನ್-ಟೆಸ್ಟ್ ಅಂತ ಹಂಚಿದ್ರೂ ಮೋಸಾನೇ, ಪಕ್ಕದ ಪಿಕ್ಸೆಲ್ ಟ್ರೈನಿಂಗಲ್ಲಿ ಇದ್ರೆ ಉತ್ತರ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ನಾನು ವರ್ಷದ ಪ್ರಕಾರ ಬೇರೆ ಮಾಡ್ದೆ, ಹಳೇ ವರ್ಷಗಳಲ್ಲಿ ಕಲಿಸಿ ಹೊಸ ವರ್ಷದಲ್ಲಿ ಪರೀಕ್ಷೆ. ಜೊತೆಗೆ ಒಂದು ಪೆದ್ದು ಮಾಡೆಲ್ಲೂ ಇಟ್ಟೆ, ಹೋದ ವರ್ಷ ಕಡಿದ ಜಾಗಕ್ಕೆ ಹತ್ತಿರ ಇದ್ರೆ ಅಪಾಯ ಜಾಸ್ತಿ, ಅಷ್ಟೇ. ಆ ಪೆದ್ದು ಮಾಡೆಲ್ಲೇ ಬಹುಪಾಲು ಕೆಲಸ ಮುಗಿಸ್ತು! ಟೀಮ್‌ಮೇಟ್ ಒಬ್ಬ ಸ್ಕ್ರೀನ್ ನೋಡಿ, "ಗುರೂ, ಇಷ್ಟು ಜಿಪಿಯು ಉರಿಸಿ ರೋಡ್ ಪಕ್ಕದ ಮರ ಹೋಗುತ್ತೆ ಅಂತ ಕಂಡುಹಿಡಿದ್ಯಾ?" ಅಂದ. ಹೂಂ ಕಣೋ, ಅದೇ. ಯು-ನೆಟ್ ತನ್ನ ಸಂಬಳ ದುಡಿದಿದ್ದು ಒಂದೇ ಕಡೆ, ಮ್ಯಾಪಲ್ಲಿ ಇಲ್ಲದ ಕಚ್ಚಾ ರಸ್ತೆ ಕಾಡೊಳಗೆ ಹೊಸದಾಗಿ ನುಗ್ಗಿರೋ ಕಡೆ, ಅಲ್ಲಿ ಇನ್ನೂ ಕಡಿದಿರಲ್ಲ, ಸಣ್ಣ ಗೆರೆ ಮಾತ್ರ ಇರುತ್ತೆ. ಕಾವಲುಗಾರರಿಗೆ ಬೇಕಾಗಿರೋದು ಆ ಮಾಹಿತಿನೇ ಅಲ್ವಾ?

ಎಲ್ಲಿ ಅಂತ ಹೇಳಬಹುದು, ಎಷ್ಟು ಅಂತ ನನ್ನ ಮಾಡೆಲ್‌ಗೆ ಹೇಳೋಕಾಗಲ್ಲ. ಪ್ರೋಡೆಸ್ ಪ್ರಕಾರ 2004ರಲ್ಲಿ 27,772 ಚದರ ಕಿಲೋಮೀಟರ್ ಹೋಯ್ತು, ಹತ್ತತ್ರ ಕರ್ನಾಟಕದ ಏಳನೇ ಒಂದು ಭಾಗ. 2012ಕ್ಕೆ 4,571ಕ್ಕೆ ಇಳೀತು, 2021ರಲ್ಲಿ ಮತ್ತೆ 13,038. ರಸ್ತೆಗಳು ಅಲ್ಲೇ ಇದ್ವು, ಬದಲಾಗಿದ್ದು ಸರ್ಕಾರ, ದಂಡ, ದನದ ಮಾಂಸ-ಸೋಯಾ ಮಾರ್ಕೆಟ್, ಇದ್ಯಾವುದೂ ಪಿಕ್ಸೆಲಲ್ಲಿ ಕಾಣಲ್ಲ. ಅದಕ್ಕೆ ನಾನು ಕೊಡೋದು ರ‍್ಯಾಂಕಿಂಗ್ ಮಾತ್ರ: ಮೊದಲು ಇಲ್ಲಿ ನೋಡಿ, ಆಮೇಲೆ ಅಲ್ಲಿ.

ಇದನ್ನೇ ನಮ್ಮ ಘಟ್ಟಕ್ಕೆ ಹಾಕಪ್ಪ ಅಂತ ಸುಮಾರು ಜನ ಅಂತಾರೆ. ಆಗಲ್ಲ. ಜೂನ್-ಸೆಪ್ಟೆಂಬರ್ ಅಲ್ಲಿ ಬಿಸಿಲು, ಇಲ್ಲಿ ಜಡಿಮಳೆ, ಕಡಿಯೋದೂ ಇಲ್ಲಿ ಅರ್ಧ ಎಕರೆ ಒಂದು ಎಕರೆ ಲೆಕ್ಕದಲ್ಲಿ, ಮೇಲಿಂದ ಅಡಿಕೆ ತೋಟನೂ ಹಸಿರು ಕಾಡೂ ಹಸಿರು. ಮೇರಿಲ್ಯಾಂಡ್ ಯೂನಿವರ್ಸಿಟಿಯವರ ಜಾಗತಿಕ ಮ್ಯಾಪಲ್ಲಿ ಕೊಪ್ಪದ ಹತ್ರ ಮರ ಹೋಗಿದೆ ಅನ್ನೋ ಒಂದು ಕೆಂಪು ಚೌಕ ಕಂಡು ದೊಡ್ಡಪ್ಪಂಗೆ ಫೋನ್ ಮಾಡಿದ್ರೆ, "ಅದು ಕಾಡಲ್ಲ ಮಾರಾಯ, ಅಕೇಶಿಯಾ ಪ್ಲಾಂಟೇಶನ್, ಬೆಳೆದಿತ್ತು ಕಡಿದ್ರು" ಅಂದ್ರು. ಆ ಮ್ಯಾಪ್ 5 ಮೀಟರ್‌ಗಿಂತ ಎತ್ತರ ಇರೋದನ್ನೆಲ್ಲಾ ಮರ ಅನ್ನುತ್ತೆ, ನೆಟ್ಟಿದ್ದೋ ತಾನಾಗೇ ಬೆಳೆದಿದ್ದೋ ಕೇಳಲ್ಲ. ನಮ್ಮ ಅರಣ್ಯ ಸಮೀಕ್ಷೆಯ ವರದಿಯಲ್ಲೂ 1 ಹೆಕ್ಟೇರ್ ಜಾಗ, ಅದರ 10% ಮರಗಳ ಎಲೆ-ಕೊಂಬೆ ಮುಚ್ಚಿದ್ರೆ ಸಾಕು, ತೋಪೂ ಅರಣ್ಯ ಹೊದಿಕೆಗೆ ಸೇರುತ್ತೆ.

ಸದ್ಯಕ್ಕೆ ನಾನು ಕಾಯ್ತಿರೋದು ನಿಸಾರ್ ಡೇಟಾಗೆ. ನಾಸಾ-ಇಸ್ರೋ ಸೇರಿ ಮಾಡಿದ್ದು, ಜೋಡಣೆ ಆಗಿದ್ದು ಇಲ್ಲೇ ಬೆಂಗಳೂರಲ್ಲಿ, 2025ರ ಜುಲೈ 30ಕ್ಕೆ ಶ್ರೀಹರಿಕೋಟದಿಂದ ಹಾರಿತು. ಅದರ ಎಲ್-ಬ್ಯಾಂಡ್ ತರಂಗ ಸುಮಾರು 24 ಸೆಂಟಿಮೀಟರ್, ಎಲೆ ದಾಟಿ ಕೊಂಬೆ ಕಾಂಡದವರೆಗೂ ಹೋಗುತ್ತೆ, 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ವಾಪಸ್. ಮಳೆಗಾಲದ ಮಲೆನಾಡಿನ ಒಂದು ಪೂರ್ತಿ ಸೀಸನ್ ಕೈಗೆ ಸಿಕ್ರೆ ಮೊದಲು ದೊಡ್ಡಪ್ಪ ಗುರುತು ಮಾಡಿ ಕೊಡೋ ತೋಟ, ತೋಪು, ಕಾಡುಗಳ ಮೇಲೆ ಓಡಿಸಿ ನೋಡೋದು, ಮಾಡೆಲ್ ಗೀಡೆಲ್ ಎಲ್ಲಾ ಆಮೇಲೆ.