ಸಂಬಳ ನಿಲ್ಲುವ ಮೊದಲೇ ಕಡಿಮೆ ದುಡ್ಡಲ್ಲಿ ಬದುಕಿ ನೋಡಿದೆವು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. 2024ರಲ್ಲಿ, 58 ತುಂಬಿದಾಗ, ನಿವೃತ್ತಳಾದೆ. ಎಲ್ಲರ ಪಿಎಫ್ ಲೆಕ್ಕವೂ ನನ್ನ ಕೈಯಲ್ಲೇ ಇತ್ತು. ಹಾಗಾಗಿ ಪಿಂಚಣಿ ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿತ್ತು.

ಕಂಪನಿ ನಮ್ಮ ಪಿಎಫ್‌ಗೆ ಕಟ್ಟುವುದು ಸಂಬಳದ ಶೇ 12, ಅದರಲ್ಲಿ ಸಂಬಳದ ಶೇ 8.33ರಷ್ಟು ಪಿಂಚಣಿಗೆ ಹೋಗುತ್ತದೆ. ನಮ್ಮಂಥ ಹೆಚ್ಚಿನವರಿಗೆ ಅದು 15,000 ರೂಪಾಯಿ ಸಂಬಳದ ಮಿತಿಯ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,250. 2014ರ ಆಗಸ್ಟ್‌ವರೆಗೆ ಆ ಮಿತಿ 6,500 ಇತ್ತು. ‘ಇಷ್ಟು ವರ್ಷ ದುಡಿದಿದ್ದೀನಿ, ಹತ್ತು ಸಾವಿರ ಆದ್ರೂ ಬರುತ್ತೆ ಅಲ್ವಾ ಮೇಡಂ?’ ಅಂತ ಮಷಿನ್ ಮೇಲೆ ಕೆಲಸ ಮಾಡುವವರು ಕೇಳುತ್ತಿದ್ದರು. ಉತ್ತರ ಹೇಳಲು ಸಂಕಟವಾಗುತ್ತಿತ್ತು. ನನ್ನ ಲೆಕ್ಕವೇ ನಾಲ್ಕು ಸಾವಿರ ಚಿಲ್ಲರೆಗೆ ನಿಂತಿತ್ತು. ಯಜಮಾನರದು ಬಿಡಿಭಾಗಗಳ ಸಣ್ಣ ಅಂಗಡಿ, ಅವರಿಗೆ ಪಿಂಚಣಿಯೇ ಇಲ್ಲ.

ಪಿಎಫ್ ಮತ್ತು ಗ್ರಾಚುಟಿ ಹಣದಲ್ಲಿ 15 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ, 9 ಲಕ್ಷ ಮಾಸಿಕ ಆದಾಯ ಯೋಜನೆಗೆ ಅಂತ ಮೊದಲೇ ಗೊತ್ತುಮಾಡಿಕೊಂಡೆವು. ಮೊದಲನೆಯದಕ್ಕೆ ಶೇ 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ 30,750. ಎರಡನೆಯದಕ್ಕೆ ಶೇ 7.4, ಪ್ರತಿ ತಿಂಗಳು 5,550. ಪಿಂಚಣಿಯೂ ಸೇರಿದರೆ ತಿಂಗಳಿಗೆ ಸುಮಾರು 20,000. ಹಿರಿಯ ನಾಗರಿಕರ ಖಾತೆಗೆ 60 ಆಗಲೇಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. 55 ದಾಟಿ ನಿವೃತ್ತರಾದವರೂ ತೆರೆಯಬಹುದು, ಆದರೆ ನಿವೃತ್ತಿ ಹಣ ಕೈಸೇರಿದ ಮೂರು ತಿಂಗಳೊಳಗೆ.

ಇನ್ನೂ ಸಂಬಳ ಬರುತ್ತಿರುವಾಗಲೇ, ನಿವೃತ್ತಿಗೆ ಒಂದು ವರ್ಷ ಮುಂಚೆ, ಆ 20,000ದಲ್ಲೇ ಮನೆ ನಡೆಸಲು ಶುರು ಮಾಡಿದೆವು. ಉಳಿದದ್ದೆಲ್ಲ ಬೇರೆ ಖಾತೆಗೆ. ನಾನು ಮಾಡಿದ್ದರಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಇದೇ. ಸ್ವಂತ ಮನೆ ಆದ್ದರಿಂದ ದಿನಸಿ, ಹಾಲು, ಕರೆಂಟು, ಗ್ಯಾಸು ಎಲ್ಲಾ ಹಿಡಿಯಿತು. ಹಿಡಿಯದೇ ಹೋದದ್ದು ಮುಯ್ಯಿ! ಮಾಘ, ಫಾಲ್ಗುಣ ಬಂದರೆ ಸಾಲಾಗಿ ಮದುವೆ, ಗೃಹಪ್ರವೇಶ. ನಮ್ಮ ಮನೆ ಶುಭಕಾರ್ಯಕ್ಕೆ ಬಂದು ಮಾಡಿದವರಿಗೆ ನಾವು ಮಾಡದೆ ಇರಲು ಆಗುತ್ತದೆಯೇ? ಅದನ್ನು ಕಡಿತ ಮಾಡುವ ಮನಸ್ಸು ನನಗಿಲ್ಲ, ಮಾಡಲೂಬಾರದು. ಮುಯ್ಯಿಗೆಂದೇ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟಿಷ್ಟು ಹಾಕುವ ಠೇವಣಿ, ಕಟ್ಟುತ್ತೇವೆ. ಅಂಗಡಿಯ ಆದಾಯ ಅದಕ್ಕೆ ಮತ್ತು ಔಷಧಿಗೆ.

ಆರೋಗ್ಯ ವಿಮೆಯನ್ನು 52ನೇ ವಯಸ್ಸಿಗೇ ಸ್ವಂತವಾಗಿ ಮಾಡಿಸಿದ್ದೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಹೊಸ ವಿಮೆಯಲ್ಲಿ ಮೊದಲೇ ಇದ್ದ ಬಿಪಿ, ಶುಗರ್‌ಗೆ ಹಣ ಸಿಗಲು ಕೆಲವು ವರ್ಷ ಕಾಯಬೇಕು. ನಿವೃತ್ತಿಯ ಹೊತ್ತಿಗೆ ನನ್ನ ಕಾಯುವಿಕೆ ಮುಗಿದಿತ್ತು.

ದುಡ್ಡಿನ ಮಾತು ಆಯಿತು, ಹೊತ್ತಿನ ಮಾತು? ಕೆಲಸದಲ್ಲಿರುವಾಗಲೇ ನಮ್ಮ ಬಡಾವಣೆಯ ಮಹಿಳಾ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆಯಲು ಒಪ್ಪಿಕೊಂಡಿದ್ದೆ. ಈಗ ವಾರವಾರ ಸಭೆಗೆ ಹೋಗುತ್ತೇನೆ. ಪಾಸ್‌ಬುಕ್ ಓದುವುದು, ಬಡ್ಡಿ ಲೆಕ್ಕ ಹಾಕುವುದು ಹೇಳಿಕೊಡುತ್ತೇನೆ. ಹೊಸದಾಗಿ ಸೇರುವವರಿಗೆ ನನ್ನ ಮೊದಲ ಪ್ರಶ್ನೆ, ‘ನಿಮ್ಮ ಯಜಮಾನರ ಖಾತೆಗೆ ನಾಮಿನಿ ಯಾರಮ್ಮಾ?’ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪಾಸ್‌ಬುಕ್ ತಂದು ತೋರಿಸಿ ಅನ್ನುತ್ತೇನೆ. ನಾಮಿನಿ ಹೆಸರು ಇಲ್ಲದಿದ್ದರೆ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ನಾನೇ ಬ್ಯಾಂಕಿಗೆ ಹೋಗಿ ಫಾರಂ ತುಂಬಿಸುತ್ತೇನೆ.

ಬಿಡುವಾದಾಗ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಗೆಳತಿಯರ ಜೊತೆ ಸಿದ್ಧಗಂಗೆಗೋ ದೇವರಾಯನದುರ್ಗಕ್ಕೋ ಹೊರಡುತ್ತೇವೆ. ಅಂಗಡಿಗೆ ರಜೆ ಇರುವ ದಿನವಾದರೆ ಯಜಮಾನರೂ ಟಿಕೆಟ್ ತೆಗೆದುಕೊಂಡು ಬರುತ್ತಾರೆ.