ಹಳೆ ಕಾರಿನ ರೇಡಿಯೇಟರ್ ಪೈಪಿಗೆ ಕಾಲಕ್ಕೊಪ್ಪುವ ಕ್ಲಿಪ್

ಮಾರಿಸ್ ಮೈನರ್, ಎಂಜಿ ಅಥವಾ ಮೊದಮೊದಲ ಅಂಬಾಸಿಡರಿಗೆ ಬಣ್ಣ, ಕ್ರೋಮ್ ಎಲ್ಲ ಹೊಸದಾಗಿ ಮಾಡಿಸಿ ಬಾನೆಟ್ ಎತ್ತಿದರೆ, ಒಳಗೆ ಉದ್ದಕ್ಕೂ ಸೀಳುಗಳಿರುವ ಸ್ಟೇನ್‌ಲೆಸ್ ಕ್ಲಿಪ್ಪುಗಳು ಮಿರಮಿರ ಮಿಂಚುತ್ತಿರುತ್ತವೆ. ಬಲ್ಲವರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ನೋಟದ ಮಾತು ಬಿಡಿ, ಸೀಳಿರುವ ಪಟ್ಟಿ ರಬ್ಬರಿಗೂ ಒಳ್ಳೆಯದಲ್ಲ. ಬಿಗಿ ಮಾಡಿದಂತೆ ರಬ್ಬರ್ ಆ ಸೀಳುಗಳೊಳಗೆ ಉಬ್ಬಿ ಬಂದು ಕೊಯ್ದುಕೊಳ್ಳುತ್ತದೆ. ಸಿಲಿಕೋನ್ ಪೈಪಾದರೆ ಇನ್ನೂ ಬೇಗ.

1950–60ರ ಬ್ರಿಟಿಷ್ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ. ಒಂದು ಜುಬಿಲಿ ಕ್ಲಿಪ್: ಸ್ಕ್ರೂ ತಿರುಗಿಸಿ ಬಿಗಿಯುವ ಲೋಹದ ಪಟ್ಟಿ. ನಿವೃತ್ತ ನೌಕಾಧಿಕಾರಿ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದದ್ದು. ಕೆಂಟ್‌ನ ಗಿಲ್ಲಿಂಗ್‌ಹ್ಯಾಮಿನ ಸರಕು. ಇದರ ಪಟ್ಟಿಯಲ್ಲಿ ಥ್ರೆಡ್ಡನ್ನು ಒತ್ತಿ ಮೂಡಿಸಿರುತ್ತಾರೆ, ಆರಪಾರ ಕೊರೆದಿರುವುದಿಲ್ಲ. ಹಾಗಾಗಿ ಪೈಪಿಗೆ ತಾಗುವ ಬದಿ ನುಣುಪು. ಇನ್ನೊಂದು ತಂತಿ ಕ್ಲಿಪ್: ಎರಡು ಸುತ್ತು ತಂತಿ, ತುದಿಗಳನ್ನು ಎಳೆದು ಹಿಡಿಯಲು ಒಂದು ಸ್ಕ್ರೂ, ನಟ್ಟು. ನಿಮ್ಮ ಮಾದರಿಗೆ, ನಿಮ್ಮ ವರ್ಷಕ್ಕೆ ಯಾವುದು ಬಂದಿತ್ತು ಎನ್ನುವುದಕ್ಕೆ ಪಾರ್ಟ್ಸ್ ಪುಸ್ತಕದ ಚಿತ್ರವೇ ಸಾಕ್ಷಿ. ಬಿಚ್ಚಿ ಬಿಸಾಡುವ ಮೊದಲು ಹಳೆ ಪೈಪಿನ ತುದಿಯನ್ನೂ ನೋಡಿ. ಪಟ್ಟಿ ಕೂತಿದ್ದರೆ ಅಗಲ ಗುರುತು, ತಂತಿ ಕೂತಿದ್ದರೆ ಎರಡು ಗೀರು. ಅಂಬಾಸಿಡರ್ ಹುಟ್ಟಿದ್ದೇ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ, ಆದ್ದರಿಂದ ಅದಕ್ಕೂ ಈ ಬ್ರಿಟಿಷ್ ಜಾಡೇ ಸರಿ.

ಜುಬಿಲಿ ಎಂದಾಕ್ಷಣ ಕಾಲಕ್ಕೆ ಒಪ್ಪಿತು ಎಂದಲ್ಲ. ಆಗಿನದು ಸತು ಲೇಪದ ಮೆದು ಉಕ್ಕು, ಮಾಸಲು ಬೆಳ್ಳಿ ಬಣ್ಣ. ಅದೇ ಕಂಪನಿಯ ಸ್ಟೇನ್‌ಲೆಸ್ ಕ್ಲಿಪ್ ಹಾಕಿದರೆ ಹೊಳಪೇ ಗುಟ್ಟು ಬಿಟ್ಟುಕೊಡುತ್ತದೆ. ಲೇಪದ್ದನ್ನೇ ಕೇಳಿ ಕೊಳ್ಳಿ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಪೈಪಿನ ಒಳ ಅಳತೆ ಹೇಳಿ ಕ್ಲಿಪ್ ತರುತ್ತಾರೆ. ಬೇಕಾದದ್ದು ಹೊರ ಅಳತೆ, ಅದೂ ಪೈಪನ್ನು ನೆಕ್ಕಿನ (ಪೈಪು ಏರುವ ಲೋಹದ ನಳಿಕೆಯ) ಮೇಲೆ ಏರಿಸಿದ ಮೇಲಿನದು. ವರ್ನಿಯರ್ ಹಿಡಿದು ನೋಡಿ. ಒಳಗೆ 32 ಮಿ.ಮೀ., ದಪ್ಪ 4.5 ಮಿ.ಮೀ. ಇರುವ ಮೇಲಿನ ಪೈಪು ಹೊರಗೆ 41 ಬರುತ್ತದೆ. ಜುಬಿಲಿಯ 2ಎ ಸೈಜು (35–50 ಮಿ.ಮೀ.) ಇದಕ್ಕೆ ಹದ. 2 ನಂಬರ್ (40–55) ಕೂಡ ಕೂರುತ್ತದೆ, ಆದರೆ ಒಂದು ಮಿ.ಮೀ. ಬಿಗಿಯುವಷ್ಟರಲ್ಲಿ ಅದರ ಮಿತಿ ಮುಗಿಯುತ್ತದೆ, ಬಾಲವೂ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕೆಳಗಿನ ಪೈಪು ಒಳಗೆ 38 ಇದ್ದರೆ ಹೊರಗೆ 47, ಅಲ್ಲಿ 2 ನಂಬರೇ ಸರಿ. ಹೀಟರಿನ 13 ಮಿ.ಮೀ. ಪೈಪು ಹೊರಗೆ 21ರ ಆಸುಪಾಸು. ಒಎಕ್ಸ್ (18–25) ತನ್ನಿ. ಒ (16–22) ಹಾಕಿದರೆ ಸ್ಕ್ರೂ ಪಟ್ಟಿಯ ಕೊನೆಯ ಥ್ರೆಡ್ಡುಗಳನ್ನಷ್ಟೇ ಹಿಡಿದಿರುತ್ತದೆ.

ತಂತಿ ಕ್ಲಿಪ್ಪಿನ ವಿಷಯದಲ್ಲಿ ಸ್ವಲ್ಪ ರಾಜಿ ಒಳ್ಳೆಯದು. ಒಳಗೆ ಬಟ್ಟೆಯ ಪದರವಿರುವ ದಪ್ಪ ಪೈಪಿಗೆ ಅದು ಸರಿ, ತೆಳು ಪೈಪನ್ನು ದಾರ ಬೆಣ್ಣೆ ಕೊಯ್ದಂತೆ ಕೊಯ್ಯುತ್ತದೆ. ಕಣ್ಣಿಗೆ ಬೀಳುವ ಮೇಲಿನ ಪೈಪಿಗೆ ತಂತಿ, ಕೆಳಗೆ ಕಾಣದ ಪೈಪಿಗೆ ಜುಬಿಲಿ ಹಾಕಿದರೆ ದಾರಿಯಲ್ಲಿ ನಿಲ್ಲುವುದು ತಪ್ಪುತ್ತದೆ.

ಜೋಡಿಸುವ ಮೊದಲು ನೆಕ್ ಉಜ್ಜಿ. ಬೋರ್‌ವೆಲ್ ನೀರು ಹೊಯ್ದ ರೇಡಿಯೇಟರಿನಲ್ಲಿ ಬಿಳಿ ಗಾರೆ ಕಟ್ಟಿರುತ್ತದೆ, ಅಲ್ಯೂಮಿನಿಯಂ ಥರ್ಮೋಸ್ಟಾಟ್ ಎಲ್ಬೋ (ಎಂಜಿನ್ ಕಡೆಯ ಬಾಗಿದ ನಳಿಕೆ) ಆದರೆ ಗುಳಿಗುಳಿ ತಿಂದಿರುತ್ತದೆ. ಗುಳಿಯನ್ನು ಎಪಾಕ್ಸಿ ತುಂಬಿ ಉಜ್ಜಿ ಸಮ ಮಾಡಿ. ಅದನ್ನು ಹಾಗೇ ಬಿಟ್ಟು ಕ್ಲಿಪ್ ಎಷ್ಟು ಬಿಗಿದರೂ ನೀರು ಜಿನುಗುತ್ತದೆ. ಪೈಪು ಜಾರಲು ಕೂಲೆಂಟ್ ಸವರಿ, ಎಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ. ಕ್ಲಿಪ್ ಕೂರಬೇಕಾದ್ದು ನೆಕ್ಕಿನ ಏಣಿನ ಹಿಂದೆ, ಏಣಿನ ಮೇಲಲ್ಲ. ಪೈಪಿನ ತುದಿಯಿಂದ 3–6 ಮಿ.ಮೀ. ಒಳಗೆ. ಸ್ಕ್ರೂ ತಲೆ ಸ್ಕ್ರೂಡ್ರೈವರಿಗೆ ಎಟುಕುವಂತೆ, ಫ್ಯಾನಿನಿಂದ ದೂರ ಇರಲಿ.

ಬಿಗಿತ 3–5 ನ್ಯೂಟನ್ ಮೀಟರ್ ಸಾಕು. ಅಳೆಯಲು ಸಾಧನವಿಲ್ಲದಿದ್ದರೆ ರಬ್ಬರನ್ನೇ ನೋಡಿ: ಪಟ್ಟಿಯ ಅಂಚಿನ ಮಟ್ಟಕ್ಕೆ ರಬ್ಬರ್ ಎದ್ದಾಗ ನಿಲ್ಲಿಸಿ. ಎಂಜಿನ್ ಓಡಿಸಿ, ಥರ್ಮೋಸ್ಟಾಟ್ ತೆರೆದು ಮೇಲಿನ ಪೈಪು ಬಿಸಿಯಾದ ಮೇಲೆ ಆಫ್ ಮಾಡಿ. ಪೂರ್ತಿ ತಣ್ಣಗಾದಾಗ ಕಾಲು ಸುತ್ತು, ಇನ್ನೂರು ಮುನ್ನೂರು ಕಿ.ಮೀ. ಆದ ಮೇಲೆ ಇನ್ನೊಮ್ಮೆ ಪರೀಕ್ಷೆ. ಬೆಳಗಿನ ಚಳಿಯಲ್ಲಿ ಮಾತ್ರ ಹನಿ ಬೀಳುತ್ತಿದ್ದರೆ ರಬ್ಬರ್ ಕುಗ್ಗಿ ಹಿಡಿತ ಸಡಿಲಾಗಿದೆ ಎಂದರ್ಥ. ತಿಂಗಳಿಗೊಮ್ಮೆ ಬಿಗಿಯಬೇಕಾಗಿ ಬಂದರೆ ಕ್ಲಿಪ್ಪನ್ನು ಬೈಯಬೇಡಿ, ಪೈಪಿನ ಆಯಸ್ಸು ಮುಗಿದಿದೆ.

ಅಮೆರಿಕದ ಕಾರುಗಳ ದಾರಿಯೇ ಬೇರೆ. 60ರ ದಶಕದ ಜನರಲ್ ಮೋಟಾರ್ಸ್ ಕಾರುಗಳಿಗೆ ಶಿಕಾಗೋದ ವಿಟೆಕ್ ಕಂಪನಿಯ ಟವರ್ ಕ್ಲಿಪ್ (ಸ್ಕ್ರೂ ಗೋಪುರದಂತೆ ಎದ್ದು ನಿಂತಿರುವ ಪಟ್ಟಿ), ಕ್ರೈಸ್ಲರಿನವಕ್ಕೆ ಇಕ್ಕಳದಲ್ಲಿ ಹಿಚುಕಿ ಕೂರಿಸುವ ಸ್ಪ್ರಿಂಗ್ ಕ್ಲಿಪ್. ಸ್ಪ್ರಿಂಗ್ ಬಗೆ ರಬ್ಬರ್ ಹಿಗ್ಗಿ ಕುಗ್ಗಿದಂತೆ ತಾನೇ ಹೊಂದಿಕೊಳ್ಳುತ್ತದೆ, ಬಿಗಿಯುವ ಕೆಲಸವೇ ಇಲ್ಲ. ಆದರೆ ಅಳತೆ ಕರಾರುವಾಕ್ಕಾಗಿರಬೇಕು. ಹಳೆಯದಕ್ಕೆ ಮತ್ತೆ ಸತು ಲೇಪ ಮಾಡಿಸುವುದಾದರೆ, ಲೇಪವಾದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿಕೊಡಲು ಹೇಳಿ. ಆಮ್ಲದ ತೊಟ್ಟಿಯಲ್ಲಿ ಸ್ಪ್ರಿಂಗ್ ಉಕ್ಕು ಹೈಡ್ರೋಜನ್ ಕುಡಿದು ಪೆಡಸಾಗಿರುತ್ತದೆ. ಕಾಯಿಸದಿದ್ದರೆ ಕೂರಿಸಿದ ಕೆಲವು ದಿನಕ್ಕೇ ಟಕ್ಕೆಂದು ಮುರಿಯುತ್ತದೆ.